ಹಾಡು ಕಾಪಿ ಮಾಡಿದರೆ ಯಾರ ಗಂಟು ಹೋಗುತ್ತೆ?

ಹತ್ತು ಹದಿನೈದು ವರ್ಷಗಳ ಹಿಂದೆ ನಮ್ಮ ಊರುಗಳ ಮೊಬೈಲ್ ರೀಚಾರ್ಜ್ ಅಂಗಡಿಗಳಲ್ಲಿ ಇನ್ನೊಂದು ವ್ಯಾಪಾರವೂ ಜೋರಾಗಿತ್ತು. ಫೋನಿನಿಂದ ಮೆಮೊರಿ ಕಾರ್ಡ್ ತೆಗೆದು ಕೊಟ್ಟರೆ ಸಾಕು, ಅಂಗಡಿ ಹುಡುಗ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ "ಹಳೇದು ಹಾಕ್ಲಾ, ಹೊಸದು ಹಾಕ್ಲಾ" ಅಂತ ಕೇಳಿ ಹಾಡು ತುಂಬಿ ಕೊಡುತ್ತಿದ್ದ. ಇಪ್ಪತ್ತೋ ಮೂವತ್ತೋ ರೂಪಾಯಿ. 2 ಜಿಬಿ ಕಾರ್ಡಿನಲ್ಲಿ ಸುಮಾರು 500 ಹಾಡು ಹಿಡಿಸುತ್ತಿದ್ದವು. ರಾಜ್‌ಕುಮಾರ್ ಕಾಲದ ಹಾಡು, ಭಾವಗೀತೆ, ಮಂಜುನಾಥನ ಮೇಲಿನ ಭಕ್ತಿಗೀತೆ, ಮೊನ್ನೆ ಶುಕ್ರವಾರ ಬಂದ ಸಿನಿಮಾದ ಹಾಡು, ಎಲ್ಲ ಒಟ್ಟಿಗೆ. ಮೇಷ್ಟ್ರು, ಪೊಲೀಸರು, ಬ್ಯಾಂಕಿನವರು, ಎಲ್ಲರೂ ಹಾಕಿಸಿಕೊಂಡವರೇ. ಯಾರಿಗೂ ಕದ್ದ ಹಾಗೆ ಅನಿಸಲಿಲ್ಲ. ಕೇಳಿದರೆ ಒಂದೇ ಮಾತು: ಯಾರಪ್ಪನ ಗಂಟು ಹೋಗುತ್ತೆ?

ಆ ವ್ಯಾಪಾರ ಈಗ ಹೆಚ್ಚುಕಡಿಮೆ ಮುಗಿದಿದೆ. ಅಭ್ಯಾಸ ಮಾತ್ರ ಬೇರೆ ವೇಷ ಹಾಕಿಕೊಂಡಿದೆ. ಯೂಟ್ಯೂಬ್ ಲಿಂಕ್ ಅಂಟಿಸಿದರೆ ಎಂಪಿ3 ಮಾಡಿಕೊಡುವ ಸೈಟುಗಳಿವೆ. ಟೆಲಿಗ್ರಾಂ ಚಾನೆಲ್‌ಗಳಿವೆ. ದುಡ್ಡು ಕಟ್ಟದೆ ಪ್ರೀಮಿಯಂ ಸಿಗುವ 'ಮಾಡ್' ಆ್ಯಪ್‌ಗಳಿವೆ. ಮಾತೂ ಅದೇ, ಯಾರಪ್ಪನ ಗಂಟು ಹೋಗುತ್ತೆ.

ಬಾಯಿ ಮುಚ್ಚಿಸೋಕೆ ಹೇಳುವ ಈ ಮಾತನ್ನು ನಿಜವಾದ ಪ್ರಶ್ನೆ ಅಂತಲೇ ತಗೊಂಡು ನೋಡೋಣ. ಒಂದು ಹಾಡು ಕಾಪಿಯಾದಾಗ ಯಾರ ಗಂಟು ಹೋಗುತ್ತದೆ, ಎಷ್ಟು ಹೋಗುತ್ತದೆ, ಅದು ಯಾರ ಕೈ ಸೇರುತ್ತದೆ? 2010ರಲ್ಲಿ ಇದಕ್ಕಿದ್ದ ಉತ್ತರ ಈಗ ಇಲ್ಲ. ಸಿನಿಮಾ ಹಾಡಿಗಿರುವ ಉತ್ತರ ಹಳೆಯ ಸಂಗೀತ ಕಛೇರಿಯ ಟೇಪಿಗೆ ಹೊಂದುವುದಿಲ್ಲ. ಸರಿ ತಪ್ಪು ತೂಗಬೇಕಾದದ್ದು ಈ ಲೆಕ್ಕ ಹಿಡಿದೇ ಅನ್ನೋದು ನನ್ನ ವಾದ.

'ಕಳ್ಳತನ' ಅನ್ನೋ ಮಾತನ್ನು ಮೊದಲು ಬದಿಗಿಡೋಣ. ಸೈಕಲ್ ಕದ್ದರೆ ಯಜಮಾನನ ಹತ್ತಿರ ಸೈಕಲ್ ಇರುವುದಿಲ್ಲ. ಹಾಡಿನ ಫೈಲ್ ಕಾಪಿ ಮಾಡಿದರೆ ಅದು ಇಬ್ಬರ ಹತ್ತಿರವೂ ಇರುತ್ತದೆ. ಕಾನೂನಿಗೂ ಈ ವ್ಯತ್ಯಾಸ ಗೊತ್ತು. ಕದ್ದು ಅಚ್ಚುಹಾಕಿದ ಎಲ್ವಿಸ್ ಪ್ರೀಸ್ಲಿ ರೆಕಾರ್ಡುಗಳ ಒಂದು ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲೇ, ಕಾಪಿರೈಟ್ ಉಲ್ಲಂಘನೆಯನ್ನು ಕಳವು ಮಾಲಿನ ಕಾನೂನಿನಡಿ ತರಲಾಗದು ಎಂದು ತೀರ್ಪು ಕೊಟ್ಟಿತು. ನಮ್ಮಲ್ಲೂ ಇದಕ್ಕೆ 1957ರ ಕಾಪಿರೈಟ್ ಕಾಯ್ದೆ ಅಂತ ಬೇರೆಯೇ ಕಾನೂನು ಇದೆ. ಹಾಗಂತ ಯಾರಿಗೂ ನಷ್ಟ ಇಲ್ಲ ಅಂತಲ್ಲ. ಇಲ್ಲಿ ಹೋಗುವುದು ವಸ್ತುವಲ್ಲ, ಬರಬೇಕಿದ್ದ ದುಡ್ಡು. ಬರಬೇಕಿತ್ತೋ ಇಲ್ಲವೋ ಅನ್ನೋದೇ ಜಗಳ.

ಜಗಳ ದೊಡ್ಡದಾಗಿದ್ದು ಅಮೆರಿಕದಲ್ಲಿ. ಸಿಡಿಯಲ್ಲಿ ನಾಲ್ಕು ನಿಮಿಷದ ಹಾಡು ಸುಮಾರು 40 ಎಂಬಿ ಜಾಗ ತಿನ್ನುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ಬೆಳೆಸಿದ ಎಂಪಿ3 ಅದನ್ನು 4 ಎಂಬಿಗೆ ಇಳಿಸಿತು. ಮನುಷ್ಯನ ಕಿವಿಗೆ ಹೇಗೂ ಕೇಳಿಸದ ಸದ್ದನ್ನು ಬಿಟ್ಟುಬಿಡುವ ತಂತ್ರ ಅದು. ಫೋನ್ ಲೈನಿನ ಇಂಟರ್ನೆಟ್ಟಿನಲ್ಲೂ ಹಾಡು ಕಳಿಸಬಹುದಾಯಿತು. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಕಾಲೇಜು ಹುಡುಗ ನ್ಯಾಪ್‌ಸ್ಟರ್ ಶುರು ಮಾಡಿದ. ಜಗತ್ತಿನ ಯಾರ ಕಂಪ್ಯೂಟರಿನಲ್ಲಿರುವ ಹಾಡನ್ನಾದರೂ ಇನ್ಯಾರೋ ಎಳೆದುಕೊಳ್ಳಬಹುದಿತ್ತು. 2001ರಲ್ಲಿ ಕೋರ್ಟ್ ಅದನ್ನು ಮುಚ್ಚಿಸಿತು, ಆದರೆ ಹೊತ್ತು ಮೀರಿತ್ತು. ರೆಕಾರ್ಡ್ ಉದ್ಯಮದ ವರಮಾನ 1999ರಿಂದ 2014ರ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು ಶೇ 40ರಷ್ಟು ಇಳಿಯಿತು.

ಇದೆಲ್ಲ ಕಾಪಿಯಿಂದಲೇ ಆಯಿತಾ? ಅರ್ಥಶಾಸ್ತ್ರಜ್ಞರೇ ಒಪ್ಪುವುದಿಲ್ಲ. ಓಬರ್‌ಹೋಲ್ಜರ್-ಗೀ ಮತ್ತು ಸ್ಟ್ರಂಪ್ಫ್ ಎಂಬ ಇಬ್ಬರು 2007ರ ಅಧ್ಯಯನದಲ್ಲಿ, ಡೌನ್‌ಲೋಡಿನಿಂದ ಮಾರಾಟಕ್ಕೆ ಆದ ಪೆಟ್ಟು ಲೆಕ್ಕಕ್ಕೇ ಸಿಗದಷ್ಟು ಸಣ್ಣದು ಅಂದರು. ಬೇರೆಯವರು ಅದನ್ನು ಜೋರಾಗಿಯೇ ಅಲ್ಲಗಳೆದರು. ಪುಕ್ಕಟೆ ಕೇಳಿದ ಎಲ್ಲರೂ ದುಡ್ಡು ಕೊಟ್ಟು ಕೊಳ್ಳುವವರಾಗಿರಲಿಲ್ಲ ಅನ್ನೋದು ನಿಜ. ಒಬ್ಬರೂ ಕೊಳ್ಳುತ್ತಿರಲಿಲ್ಲ ಅನ್ನೋದು ಸುಳ್ಳು. ಸತ್ಯ ನಡುವೆ ಎಲ್ಲೋ ಇದೆ.

ಕಂಪನಿಗಳು ಮಾತ್ರ ನಡುವೆ ನಿಲ್ಲಲಿಲ್ಲ. 2003ರಿಂದ ಅಲ್ಲಿನ ರೆಕಾರ್ಡ್ ಕಂಪನಿಗಳ ಸಂಘ ಸಾವಿರಾರು ಮನೆಗಳ ಮೇಲೆ ಕೇಸು ಹಾಕಿತು. ಮಿನೆಸೋಟದ ಒಬ್ಬ ತಾಯಿಗೆ 24 ಹಾಡುಗಳಿಗಾಗಿ ಜ್ಯೂರಿ ಒಮ್ಮೆ 19.2 ಲಕ್ಷ ಡಾಲರ್ ದಂಡ ಹಾಕಿತು. ಮೇಲ್ಮನವಿ ಎಲ್ಲ ಮುಗಿದ ಮೇಲೂ 2.22 ಲಕ್ಷ ಡಾಲರ್ ಉಳಿಯಿತು. ಅದೇ ಹಾಡುಗಳನ್ನು ಐಟ್ಯೂನ್ಸ್‌ನಲ್ಲಿ ಒಂದಕ್ಕೆ 99 ಸೆಂಟಿನಂತೆ ಕೊಂಡಿದ್ದರೆ 24 ಡಾಲರ್ ಆಗುತ್ತಿತ್ತು. ಆಕೆ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ತಪ್ಪಿಗೂ ಶಿಕ್ಷೆಗೂ ಇಷ್ಟು ದೂರ ಇದ್ದರೆ ಜನ ಕಾನೂನಿನ ಮೇಲಿನ ಗೌರವ ಕಳಕೊಳ್ಳುತ್ತಾರೆ. ಆಗಿದ್ದೂ ಅದೇ.

ಈಗ ನಮ್ಮ ಕಡೆ ಬರೋಣ. ಇಲ್ಲಿ 'ಯಾರ ಗಂಟು' ಅನ್ನೋ ಪ್ರಶ್ನೆಗೆ ಬೇರೆಯೇ ಕಥೆ ಇದೆ.

ಒಂದು ಹಾಡಿನಲ್ಲಿ ಒಂದಕ್ಕಿಂತ ಜಾಸ್ತಿ ಹಕ್ಕುಗಳಿವೆ. ಸಾಹಿತ್ಯದ ಹಕ್ಕು ಒಂದು, ರಾಗಸಂಯೋಜನೆಯ ಹಕ್ಕು ಇನ್ನೊಂದು, ಧ್ವನಿಮುದ್ರಣದ ಹಕ್ಕು ಮತ್ತೊಂದು. ನಮಗೆಲ್ಲ ಗೊತ್ತಿರುವ 'ಜೋಗದ ಸಿರಿ ಬೆಳಕಿನಲ್ಲಿ' ತಗೊಳ್ಳಿ. ಬರೆದ ಕೆ.ಎಸ್. ನಿಸಾರ್ ಅಹಮದ್ ತೀರಿಕೊಂಡದ್ದು 2020ರಲ್ಲಿ. ನಮ್ಮ ಕಾಯ್ದೆ ಪ್ರಕಾರ ಕರ್ತೃ ಸತ್ತ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅಂದರೆ ಸಾಹಿತ್ಯಕ್ಕೆ 2080ರ ಕೊನೆಯವರೆಗೆ. ರಾಗ ಹಾಕಿದ ಮೈಸೂರು ಅನಂತಸ್ವಾಮಿ ತೀರಿಕೊಂಡದ್ದು 1995ರಲ್ಲಿ, ಹಾಗಾಗಿ ರಾಗಕ್ಕೆ 2055ರವರೆಗೆ. ಧ್ವನಿಮುದ್ರಣಕ್ಕೆ ಅದು ಹೊರಬಂದಲ್ಲಿಂದ 60 ವರ್ಷ. 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ, ಅದರ ಹಕ್ಕು 2038ಕ್ಕೆ ಮುಗಿಯುತ್ತದೆ. ಹಾಡು ಒಂದೇ, ಹಕ್ಕು ಮುಗಿಯುವ ವರ್ಷ ಮೂರು. (ಮೊದಲು ಈ ಅವಧಿ 50 ವರ್ಷ ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುತ್ತಿತ್ತು ಅನ್ನೋ ಕಾರಣಕ್ಕೆ ಸರ್ಕಾರ ಇಡೀ ದೇಶಕ್ಕೆ 60 ಮಾಡಿತು. ಒಬ್ಬ ಕವಿಗಾಗಿ ಎಲ್ಲ ಕವಿಗಳಿಗೂ ಹತ್ತು ವರ್ಷ ಬೋನಸ್.)

ಹಕ್ಕು ಇರುವುದು ಬೇರೆ, ಅದರ ದುಡ್ಡು ಕೈಗೆ ಬರುವುದು ಬೇರೆ. ಸಿನಿಮಾ ಹಾಡುಗಳಲ್ಲಿ 1977ರ ಒಂದು ಸುಪ್ರೀಂ ಕೋರ್ಟ್ ತೀರ್ಪು ದಶಕಗಳ ಕಾಲ ಎಲ್ಲವನ್ನೂ ಆಳಿತು. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್, ಕವಿಗಳು ಮತ್ತು ಸಂಗೀತ ನಿರ್ದೇಶಕರ ಪರ ವಾದಿಸಿತ್ತು. ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕ ದುಡ್ಡು ಕೊಟ್ಟು ಬರೆಸಿದ, ರಾಗ ಹಾಕಿಸಿದ ಮೇಲೆ ಹಕ್ಕು ಅವನದೇ ಎಂದು ಕೋರ್ಟ್ ಹೇಳಿತು. ಅದೇ ಪೀಠದಲ್ಲಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಹಾಡುಗಾರರಿಗೆ ಕಾಯ್ದೆಯಲ್ಲಿ ಏನೂ ಇಲ್ಲವಲ್ಲ ಎಂದು ತೀರ್ಪಿನ ಕೊನೆಗೆ ಬೇಸರ ತೋಡಿಕೊಂಡರು. ಬೇಸರದಿಂದ ಯಾರ ಹೊಟ್ಟೆಯೂ ತುಂಬಲಿಲ್ಲ.

ಹಾಗಾಗಿ ಕ್ಯಾಸೆಟ್ ಕಾಲದಿಂದ ಮೆಮೊರಿ ಕಾರ್ಡ್ ಕಾಲದವರೆಗೆ ಸಾಮಾನ್ಯವಾಗಿ ನಡೆದದ್ದು ಹೀಗೆ. ಕವಿಗೆ ಒಂದು ಸಲ ಇಷ್ಟು ಅಂತ ಕೊಟ್ಟರೆ ಮುಗಿಯಿತು. ಹಾಡು ಹತ್ತು ಸಾವಿರ ಕ್ಯಾಸೆಟ್ ಮಾರಲಿ, ಹತ್ತು ಲಕ್ಷ ಮಾರಲಿ, ಮತ್ತೆ ಒಂದು ಪೈಸೆಯೂ ಇಲ್ಲ. "ಪೈರಸಿ ಕಲಾವಿದರ ಅನ್ನ ಕಸಿಯುತ್ತದೆ" ಅಂತ ಆಗ ಜಾಹೀರಾತು ಬರುತ್ತಿತ್ತು. ಕಲಾವಿದರಿಗೆ ಆ ಕ್ಯಾಸೆಟ್ಟಿನಿಂದ ಬರುವ ಅನ್ನವೇ ಇರಲಿಲ್ಲ. ಹೋಗುತ್ತಿದ್ದ ಗಂಟು ಆಡಿಯೋ ಕಂಪನಿಯದು.

ಕಂಪನಿಗೆ ನಷ್ಟವಾದರೆ ಮುಂದಿನ ಸಿನಿಮಾದ ಆಡಿಯೋ ಹಕ್ಕಿಗೆ ಕಡಿಮೆ ಕೊಡುತ್ತಾರೆ, ಆಗ ಕವಿಯ ಸಂಭಾವನೆಗೂ ಕತ್ತರಿ ಬೀಳುತ್ತದೆ ಅಂತ ಯಾರಾದರೂ ಹೇಳಬಹುದು. ಒಪ್ಪುತ್ತೇನೆ. 2000ದ ದಶಕದಲ್ಲಿ ಕ್ಯಾಸೆಟ್, ಸಿಡಿ ವ್ಯಾಪಾರ ಕುಸಿದಾಗ ಆ ಬಿಸಿ ಎಲ್ಲರಿಗೂ ತಟ್ಟಿತು. ಆದರೂ ಅದು ಸುತ್ತಿ ಬಳಸಿ ಬಂದ ನಷ್ಟ.

2012ರಲ್ಲಿ ಇದು ಬದಲಾಯಿತು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದಾಗ ಪಟ್ಟು ಹಿಡಿದು ಹೋರಾಡಿದ ತಿದ್ದುಪಡಿ ಇದು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಬರುವುದನ್ನು ಬಿಟ್ಟು ಹಾಡನ್ನು ಬೇರೆ ಎಲ್ಲಿ, ಯಾವ ರೂಪದಲ್ಲಿ ಬಳಸಿದರೂ ಸಾಹಿತಿಗೂ ಸಂಗೀತ ನಿರ್ದೇಶಕನಿಗೂ ರಾಯಲ್ಟಿಯಲ್ಲಿ, ಅಂದರೆ ಆ ಬಳಕೆಯಿಂದ ಬರುವ ದುಡ್ಡಿನಲ್ಲಿ, ಸಮಪಾಲು ಇರಬೇಕು ಅಂತ ಅದು ಹೇಳುತ್ತದೆ. ಆ ಪಾಲನ್ನು ಬರೆದುಕೊಟ್ಟು ಬಿಡುವ ಹಾಗೂ ಇಲ್ಲ. "ಎಲ್ಲ ಹಕ್ಕೂ ನಿಮಗೇ" ಅಂತ ಕಾಗದಕ್ಕೆ ಸಹಿ ಹಾಕಿದರೂ ರಾಯಲ್ಟಿಯ ಪಾಲು ಕವಿಯದೇ. ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಜಗಳ, ತನಿಖೆ ಎಲ್ಲ ದಾಟಿ 2017ರಲ್ಲಿ ಮತ್ತೆ ನೋಂದಣಿ ಪಡೆಯಿತು. ಸದಸ್ಯರಾದವರಿಗೆ ಸ್ಟ್ರೀಮಿಂಗ್ ದುಡ್ಡು ಬರತೊಡಗಿತು.

ನನಗೆ ಮುಖ್ಯ ಅನಿಸುವುದು ಇದು. ಅದೇ ಹಾಡನ್ನು 2010ರಲ್ಲಿ ಕಾರ್ಡಿಗೆ ತುಂಬಿಸಿದ್ದಕ್ಕೂ ಈಗ 'ಮಾಡ್' ಆ್ಯಪ್‌ನಲ್ಲಿ ಕೇಳುವುದಕ್ಕೂ ತೂಕ ಒಂದೇ ಅಲ್ಲ. ಆಗ ಕವಿಗೆ ಹೋಗಬೇಕಾದ ಪಾಲೇ ಇರಲಿಲ್ಲ. ಈಗ ಇದೆ. ಆಗ ಹಾಡು ಕಾನೂನು ಪ್ರಕಾರ ಸಿಗುವುದು ಕಷ್ಟ ಇತ್ತು. ಈಗ ಜಾಹೀರಾತು ಕೇಳಿಸಿಕೊಂಡರೆ ಪುಕ್ಕಟೆಯಾಗಿಯೇ ಸಿಗುತ್ತದೆ. ನೆಪ ಕಡಿಮೆಯಾಗಿದೆ, ನಷ್ಟ ನೇರವಾಗಿದೆ.

ಆಗ ಕಷ್ಟ ಇತ್ತು ಅಂದೆ. ಎಷ್ಟು ಕಷ್ಟ ಅಂತ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಈಗಿನವರಿಗೆ ಅದು ಅರ್ಥವಾಗುವುದಿಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ 'ಫ್ಲೈಟ್' ಎಂಬ ಎಂಪಿ3 ಅಂಗಡಿ ತೆರೆಯಿತು. ಹಾಡಿಗೆ ಕೆಲವೇ ರೂಪಾಯಿ. ಬೀಗ ಹಾಕದ ಫೈಲು, ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಪ್ರಾಮಾಣಿಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೇನು? 2013ರ ಜೂನ್‌ನಲ್ಲಿ ಅದು ಮುಚ್ಚಿತು. ಪುಕ್ಕಟೆ ಸೈಟುಗಳು ಒಂದು ಕಾರಣ. ಪುಡಿಗಾಸು ಕಟ್ಟುವ ಸುಲಭ ದಾರಿ ಇಲ್ಲದ್ದು ಇನ್ನೊಂದು. ಯುಪಿಐ ಬಂದದ್ದು 2016ರಲ್ಲಿ. ಅದಕ್ಕೂ ಮುಂಚೆ ಐದಾರು ರೂಪಾಯಿಯ ಹಾಡಿಗೆ ಕಾರ್ಡ್ ನಂಬರ್, ಪಾಸ್‌ವರ್ಡ್, ಬ್ಯಾಂಕಿನ ಪುಟ, ನಡುವೆ ಹೋಗುವ ಇಂಟರ್ನೆಟ್. ಕಾರ್ಡೇ ಇಲ್ಲದವರ ಮಾತು ಬಿಡಿ. ರೀಚಾರ್ಜ್ ಅಂಗಡಿಯಲ್ಲಾದರೆ ಹತ್ತು ನಿಮಿಷ.

ತಮಾಷೆ ಅಂದರೆ ಅದೇ ಜನ ಕಾಲರ್ ಟ್ಯೂನಿಗೆ ತಿಂಗಳಿಗೆ 30 ರೂಪಾಯಿ ಆಸುಪಾಸು ಕಟ್ಟುತ್ತಿದ್ದರು. ಇಡೀ ಹಾಡು ಪುಕ್ಕಟೆ, ಅರ್ಧ ನಿಮಿಷದ ತುಣುಕಿಗೆ ಬಾಡಿಗೆ! ಅದೂ ತಾವು ಕೇಳುವುದಲ್ಲ, ಫೋನ್ ಮಾಡಿದವರು ಕೇಳುವುದು. ನಮ್ಮ ಜನ ಹಾಡಿಗೆ ದುಡ್ಡು ಬಿಚ್ಚುವುದಿಲ್ಲ ಅನ್ನೋದು ಹಾಗಾಗಿ ಪೂರ್ತಿ ನಿಜವಲ್ಲ. ಕೊಡುವ ದಾರಿ ಸುಲಭ ಇದ್ದರೆ, ಕರೆನ್ಸಿಯಲ್ಲೇ ಕಟ್ ಆಗುವುದಾದರೆ, ಕೊಡುತ್ತಿದ್ದರು. ಆ ದುಡ್ಡಿನಲ್ಲಿ ದೊಡ್ಡ ಪಾಲು ಟೆಲಿಕಾಂ ಕಂಪನಿಗಳೇ ಇಟ್ಟುಕೊಂಡವು ಅನ್ನೋದು ಬೇರೆ ವಿಷಯ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಕಾರ್ಡ್ ತುಂಬುವ ವ್ಯಾಪಾರ ತಾನಾಗಿಯೇ ಬಿದ್ದುಹೋಯಿತು. ಯಾವ ಪೊಲೀಸ್ ದಾಳಿಯಿಂದಲೂ ಆಗದ ಕೆಲಸ ಅದು.

ಪೊಲೀಸ್ ಅಂದಾಗ ಕಾನೂನಿನ ಮಾತು ಬರಲೇಬೇಕು. ಗೆಳೆಯನಿಗೆ ಬ್ಲೂಟೂತ್‌ನಲ್ಲಿ ಒಂದು ಹಾಡು ಕಳಿಸಿದವನನ್ನೂ ಸಾವಿರ ಸಿಡಿ ಸುಟ್ಟು ಮಾರಿದವನನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ಹಾಕುತ್ತದಾ? ಪೂರ್ತಿ ಇಲ್ಲ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ನ್ಯಾಯವಾಗಿ ಬಳಸಿಕೊಂಡರೆ ತಪ್ಪಿಲ್ಲ ಅನ್ನುತ್ತದೆ. 2012ರ ತಿದ್ದುಪಡಿಯಿಂದ ಇದು ಧ್ವನಿಮುದ್ರಣಕ್ಕೂ ಅನ್ವಯಿಸುತ್ತದೆ. ನೀವು ಕೊಂಡ ಸಿಡಿಯನ್ನು ನಿಮ್ಮ ಫೋನಿಗೆ ಹಾಕಿಕೊಂಡರೆ ಹೆದರಬೇಕಾಗಿಲ್ಲ. ಹಂಚಿದರೆ ಆ ರಕ್ಷಣೆ ಸಡಿಲವಾಗುತ್ತದೆ. 63ನೇ ಸೆಕ್ಷನ್ನಿನಲ್ಲಿ 6 ತಿಂಗಳಿನಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂತ ಕಂಡರೆ ಜಡ್ಜ್ ಅದಕ್ಕಿಂತ ಕಡಿಮೆ ಮಾಡಬಹುದು.

ಲಾಭ ಇದೆಯಾ ಇಲ್ಲವಾ ಅನ್ನೋ ಈ ಗೆರೆ ನನಗೆ ಸರಿ ಕಾಣುತ್ತದೆ. ಕಾರ್ಡ್ ತುಂಬಿಸಿಕೊಂಡವನಿಗಿಂತ ತುಂಬಿ ಕೊಟ್ಟು ಕಾಸು ಎಣಿಸಿದವನದು ಹೆಚ್ಚಿನ ತಪ್ಪು. ಅವನಿಗಿಂತಲೂ ಹೆಚ್ಚಿನದು, ಸಾವಿರಾರು ಹಾಡು ಪೇರಿಸಿಟ್ಟು ಪ್ರತಿ ಕ್ಲಿಕ್ಕಿಗೂ ಜೂಜಿನ ಜಾಹೀರಾತು ತೋರಿಸಿ ಹಣ ಮಾಡಿದ ವೆಬ್‌ಸೈಟ್‌ನದು. ಅಂಥ 104 ಸೈಟುಗಳನ್ನು ಮುಚ್ಚಿಸಲು 2012ರಲ್ಲಿ ಕಲ್ಕತ್ತಾ ಹೈಕೋರ್ಟ್ ಆದೇಶ ಕೊಟ್ಟಿತು. ಅವು ಬೇರೆ ಹೆಸರಿನಲ್ಲಿ ಮತ್ತೆ ಹುಟ್ಟಿದವು ಅಂತ ಹೇಳಬೇಕಾಗಿಲ್ಲ ಅಲ್ವಾ.

ಕರ್ನಾಟಕ ಇನ್ನೂ ಮುಂದೆ ಹೋಯಿತು. ನಮ್ಮ ಗೂಂಡಾ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ವಿಡಿಯೋ ಮತ್ತು ಆಡಿಯೋ ಪೈರಸಿ ಮಾಡುವವರೂ ಇದ್ದಾರೆ. 2014ರಲ್ಲಿ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಿದರು. ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದಾದ ಕಾಯ್ದೆ ಅದು. ಆ್ಯಸಿಡ್ ಎರಚುವವರ ಜೊತೆ ಒಂದೇ ಸಾಲಿನಲ್ಲಿ ಹಾಡು ಕಾಪಿ ಮಾಡುವವರು! ಚಿತ್ರರಂಗದ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇದೂ ಮಿನೆಸೋಟದ ದಂಡದ ಜಾತಿಯದೇ.

ದುಡ್ಡಿನ ಲೆಕ್ಕದ ಆಚೆಗೆ ಇನ್ನೊಂದು ಗಂಟಿದೆ. ಅದು ಹೆಸರು.

ನಮ್ಮ ದಾಸರ ಪದಗಳನ್ನು ಯಾರು ಬೇಕಾದರೂ ಹಾಡಬಹುದು, ಬರೆದುಕೊಳ್ಳಬಹುದು, ಹೊಸ ರಾಗ ಹಾಕಬಹುದು. ಶತಮಾನಗಳಿಂದ ಹಾಗೆಯೇ ನಡೆದುಬಂದಿದೆ. ಕಾಪಿ ಮಾಡಿದ್ದರಿಂದಲೇ ಅವು ಉಳಿದವು. ಆದರೆ ಕೊನೆಯ ಚರಣದಲ್ಲಿ ಪುರಂದರ ವಿಠಲ ಬರಲೇಬೇಕು. ಅಂಕಿತ ಕಿತ್ತು ತನ್ನ ಹೆಸರು ಹಾಕಿಕೊಂಡವನನ್ನು ಜನ ಕ್ಷಮಿಸುತ್ತಿರಲಿಲ್ಲ. ವಚನಗಳಲ್ಲೂ ಅದೇ ರೂಢಿ. ಕಾಪಿಗೆ ಅಡ್ಡಿಯಿಲ್ಲ, ಹೆಸರಿಗೆ ಮೋಸ ಕೂಡದು. ನಮ್ಮ ನೆಲದಲ್ಲಿ ಕಾಪಿಯ ನೀತಿ ಅಂತ ಒಂದು ಇದ್ದಿದ್ದರೆ ಅದು ಇದೇ.

ಪೈರಸಿ ಸೈಟುಗಳ ಎಂಪಿ3 ತೆರೆದು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಹಾಡುಗಾರರ ಹೆಸರು ಇರಬೇಕಾದ ಜಾಗದಲ್ಲಿ ವೆಬ್‌ಸೈಟಿನ ಹೆಸರು. ಆಲ್ಬಂ ಹೆಸರಿನ ಜಾಗದಲ್ಲೂ ಅದೇ. ಚಿತ್ರದ ಜಾಗದಲ್ಲಿ ಅವರ ಲೋಗೋ. ಕವಿಯ ಹೆಸರಂತೂ ಕೇಳಲೇಬೇಡಿ. ಹಾಡು ಬರೆದವನ ಅಂಕಿತ ಅಳಿಸಿ ಕದ್ದವನ ಅಂಕಿತ ಹಾಕಿದ ಹಾಗೆ. ದುಡ್ಡು ಕಳಕೊಂಡದ್ದಕ್ಕಿಂತ ಇದು ಕೀಳು ಅನಿಸುತ್ತದೆ ನನಗೆ. ಫೈಲಿನೊಳಗಿನ ಹಕ್ಕಿನ ಮಾಹಿತಿ ಬೇಕಂತಲೇ ಅಳಿಸುವುದು 2012ರಿಂದ ಪ್ರತ್ಯೇಕ ಅಪರಾಧವೇ, 2 ವರ್ಷದವರೆಗೆ ಜೈಲಿದೆ. ಅದರ ಬಗ್ಗೆ ಮಾತಾಡುವವರು ಕಡಿಮೆ. ಕಾನೂನು ಪ್ರಕಾರ ನಡೆಯುವ ಆ್ಯಪ್‌ಗಳೂ ಇದರಲ್ಲಿ ಸಾಚಾ ಅಲ್ಲ. ಎಷ್ಟೋ ಕನ್ನಡ ಹಾಡುಗಳ ಕೆಳಗೆ ಸಾಹಿತ್ಯ ಯಾರದು ಅಂತ ಹುಡುಕಿದರೆ ಏನೂ ಸಿಗುವುದಿಲ್ಲ, ಸಿಕ್ಕರೂ ಮೂರು ಸಲ ಬೆರಳೊತ್ತಬೇಕು.

ಉತ್ತರ ಕರ್ನಾಟಕದ ಜಾನಪದ ಹಾಡುಗಳ ಲೋಕದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಯೂಟ್ಯೂಬಿಗೆ ಹಾಕಿದ ಹಾಡು ಪೆನ್ ಡ್ರೈವ್ ಹತ್ತಿ ಟ್ರ್ಯಾಕ್ಟರಿನ ಡೆಕ್ಕಿನಲ್ಲಿ, ಜಾತ್ರೆಯಲ್ಲಿ, ಮದುವೆಯಲ್ಲಿ ಮೊಳಗುತ್ತದೆ. ಆ ಹಾಡುಗಾರನಿಗೆ ಪೆನ್ ಡ್ರೈವ್ ಶತ್ರುವಲ್ಲ. ಊರೂರಲ್ಲಿ ಹಾಡು ಕೇಳಿಸಿದರೆ ರಸಮಂಜರಿ ಕಾರ್ಯಕ್ರಮಕ್ಕೆ ಕರೆ ಬರುತ್ತದೆ, ದುಡಿಮೆ ಇರುವುದು ಅಲ್ಲಿ. ಅವನಿಗೆ ನಿಜವಾದ ಪೆಟ್ಟು ಬೀಳುವುದು ಯಾರೋ ಅದೇ ಹಾಡನ್ನು ತಮ್ಮ ಚಾನೆಲ್ಲಿಗೆ ಹಾಕಿಕೊಂಡು ವ್ಯೂಸ್ ಎಣಿಸಿದಾಗ. ಟ್ರ್ಯಾಕ್ಟರ್ ಓಡಿಸುವವನು ಹೆಸರು ಹೇಳಿ ಹಾಡು ಹಂಚುತ್ತಾನೆ. ಇವನು ಹೆಸರನ್ನೇ ನುಂಗುತ್ತಾನೆ. ಎರಡೂ ಕಾಪಿಯೇ.

ಇನ್ನು ಕಛೇರಿ ಸಂಗೀತ. ಇಲ್ಲಿ ಲೆಕ್ಕ ಪೂರ್ತಿ ತಿರುವುಮುರುವು.

ಬೆಂಗಳೂರು, ಮೈಸೂರು, ಧಾರವಾಡದ ಹಳೆಯ ರಸಿಕರ ಮನೆಗಳಲ್ಲಿ ಡಬ್ಬಗಟ್ಟಲೆ ಕ್ಯಾಸೆಟ್ ಇವೆ. ರಾಮನವಮಿ ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ರೇಡಿಯೋದಿಂದ ಹಿಡಿದದ್ದು. ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಕಂಪನಿಗಳಿಗಾಗಿ ಹಾಡಿದ್ದು ಅವರು ಜೀವನವಿಡೀ ಹಾಡಿದ್ದರ ಒಂದು ಚೂರು ಮಾತ್ರ. ಉಳಿದದ್ದು ಕೇಳಬೇಕೆಂದರೆ ಆಕಾಶವಾಣಿಯ ಭಂಡಾರ, ಇಲ್ಲವೇ ಇಂಥ ಮನೆಗಳು. ಟೇಪು ಬೂಸ್ಟು ಹಿಡಿಯುವ ಮುಂಚೆ ಯಾರೋ ಅದನ್ನು ಎಂಪಿ3 ಮಾಡಿ ಹತ್ತು ಜನಕ್ಕೆ ಹಂಚಿದ್ದರಿಂದಲೇ ಎಷ್ಟೋ ರಾಗ ಇವತ್ತು ಕೇಳಸಿಗುತ್ತಿದೆ. ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳು ಸಂಗೀತ ಕಲಿಯುವುದೂ ಇಂಥ ಫೈಲುಗಳಿಂದಲೇ.

ಇವರಲ್ಲಿ ಒಂದು ನೇಮವೂ ಬೆಳೆದಿದೆ. ಸಂಗೀತಪ್ರಿಯ ಎಂಬ ಸ್ವಯಂಸೇವಕರ ತಾಣ ವರ್ಷಗಳಿಂದ ಕಛೇರಿಗಳ ಧ್ವನಿಮುದ್ರಣ ಹಂಚುತ್ತ ಬಂದಿದೆ. ಅಲ್ಲಿ ದುಡ್ಡಿನ ವ್ಯವಹಾರ ಇಲ್ಲ. ಅಂಗಡಿಯಲ್ಲಿ ಸಿಗುವ ಕ್ಯಾಸೆಟ್, ಸಿಡಿ ಹಾಕುವಂತಿಲ್ಲ. ಕಾನೂನು ಕಲಿಸದೆ ರಸಿಕರೇ ಎಳೆದುಕೊಂಡ ಗೆರೆ ಅದು. ಮಾರುಕಟ್ಟೆಯಲ್ಲಿ ಇರುವುದನ್ನು ಮುಟ್ಟಬೇಡ, ಇಲ್ಲದ್ದನ್ನು ಉಳಿಸು.

ಕಾನೂನು ಇದನ್ನು ಅರ್ಧ ಮಾತ್ರ ಒಪ್ಪುತ್ತದೆ. 39ನೇ ಸೆಕ್ಷನ್ ಪ್ರಕಾರ ಕಛೇರಿಯನ್ನು ನಿಮ್ಮ ಸ್ವಂತಕ್ಕೆ, ಇಲ್ಲವೇ ಪಾಠಕ್ಕೆ, ಸಂಶೋಧನೆಗೆ ರೆಕಾರ್ಡ್ ಮಾಡಿಕೊಂಡರೆ ತಪ್ಪಿಲ್ಲ. ಹಂಚಬೇಕಾದರೆ ಕಲಾವಿದರ ಒಪ್ಪಿಗೆ ಬೇಕು. ಕಲಾವಿದರ ಕಡೆಯೂ ನ್ಯಾಯ ಇದೆ, ಅದನ್ನು ಮರೆಯಬಾರದು. ಗಂಟಲು ಕೆಟ್ಟ ದಿನ ಹಾಡಿದ ತೋಡಿ ಶಾಶ್ವತವಾಗಿ ಎಲ್ಲರ ಫೋನಿನಲ್ಲಿ ಇರುವುದು ಯಾರಿಗೆ ಇಷ್ಟ? ಬದುಕಿರುವ, ಹಾಡಿಯೇ ಜೀವನ ಮಾಡುವ ಕಲಾವಿದರು ಬೇಡ ಅಂದರೆ ಬೇಡ. ತೀರಿಕೊಂಡವರ, ಎಲ್ಲೂ ಮಾರಾಟಕ್ಕಿಲ್ಲದ ಕಛೇರಿಯನ್ನು ಹೆಸರು, ಊರು, ವರ್ಷ, ಪಕ್ಕವಾದ್ಯದವರ ವಿವರ ಸಮೇತ ಹಂಚಿದವನನ್ನು ಮಾತ್ರ ನಾನು ಕಳ್ಳ ಅನ್ನಲಾರೆ. ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲದಿದ್ದರೆ ಕಾನೂನಿನಲ್ಲಿ ತೂತಿದೆ ಅಂತಲೇ ಅರ್ಥ. ಕಂಪನಿಗಳ ಗೋದಾಮಿನಲ್ಲೂ ಮೂವತ್ತು ನಲವತ್ತು ವರ್ಷ ಮರುಮುದ್ರಣ ಕಾಣದ ಕನ್ನಡ ಧ್ವನಿಮುದ್ರಣಗಳಿವೆ. ತಾವೂ ಮಾರುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ಹೊರಬಂದು 60 ವರ್ಷ ದಾಟಿದ ಧ್ವನಿಮುದ್ರಣಗಳ ಹಕ್ಕು ಮುಗಿದಿದೆ. ಬೆಂಗಳೂರಿನ ವಿಕ್ರಮ್ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸಿದೆ. 60 ವರ್ಷ ದಾಟದವುಗಳಿಗೆ ಕಾಯಬೇಕು, ಅಷ್ಟರಲ್ಲಿ ಟೇಪು ಉಳಿದಿದ್ದರೆ.

ಸರಿ, ಸಿನಿಮಾ ಹಾಡಿಗೆ ನೆಪ ಕಡಿಮೆ ಅಂದೆ. ಹಾಗಾದರೆ ಆ್ಯಪ್‌ಗೆ ದುಡ್ಡು ಕಟ್ಟಿದರೆ ನಮ್ಮ ಜವಾಬ್ದಾರಿ ಮುಗಿಯಿತಾ? ಇಲ್ಲೂ ಗಂಟು ಎಲ್ಲಿ ಹೋಗುತ್ತದೆ ನೋಡಿ.

ನೀವು ತಿಂಗಳಿಡೀ ಒಬ್ಬರೇ ಕನ್ನಡ ಗಾಯಕಿಯನ್ನು ಕೇಳಿದಿರಿ ಅಂದುಕೊಳ್ಳಿ. ನಿಮ್ಮ ದುಡ್ಡೆಲ್ಲ ಆಕೆಗೇ ಹೋಗುವುದಿಲ್ಲ. ದೊಡ್ಡ ಸ್ಟ್ರೀಮಿಂಗ್ ಕಂಪನಿಗಳು ಸಾಮಾನ್ಯವಾಗಿ ಎಲ್ಲರ ದುಡ್ಡನ್ನೂ ಒಂದು ಹಂಡೆಗೆ ಸುರಿದು, ತಮ್ಮ ಪಾಲು ತೆಗೆದಿಟ್ಟು, ಉಳಿದದ್ದನ್ನು ಒಟ್ಟು ಪ್ಲೇಗಳ ಲೆಕ್ಕದಲ್ಲಿ ಹಂಚುತ್ತವೆ. ದಿನವಿಡೀ ಅಂಗಡಿಯಲ್ಲಿ ಹಾಡು ಹಾಕಿಡುವವನ ಕಿವಿ ನಿಮ್ಮ ದುಡ್ಡನ್ನೂ ಎಳೆದುಕೊಳ್ಳುತ್ತದೆ. ಕನ್ನಡದಂಥ ಭಾಷೆಗೆ, ಅದರಲ್ಲೂ ಸಿನಿಮಾದಾಚೆಯ ಹಾಡಿಗೆ, ಇದು ಬಹಳ ಹೊಡೆತ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿತು. ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲ ಪ್ಲೇ ಆಗದಿದ್ದರೆ ಅದರ ಧ್ವನಿಮುದ್ರಣಕ್ಕೆ ರಾಯಲ್ಟಿ ಇಲ್ಲ. ಶಿವಮೊಗ್ಗದ ಯಾರೋ ಹುಡುಗ ತಾನೇ ರಾಗ ಹಾಕಿ ಹಾಡಿದ ಬೇಂದ್ರೆ ಕವಿತೆಯನ್ನು ನೀವು ಕಾನೂನು ಪ್ರಕಾರ, ದುಡ್ಡು ಕಟ್ಟಿಯೇ, 900 ಜನ ಒಂದೊಂದು ಸಲ ಕೇಳಿದಿರಿ ಅಂದುಕೊಳ್ಳಿ. ಹಾಡಿದ್ದಕ್ಕೆ ಆ ಹುಡುಗನಿಗೆ ಸೊನ್ನೆ. ಪೈರಸಿ ಮಾಡಿದ್ದರೂ ಸೊನ್ನೆಯೇ.

ಸೌಂಡ್‌ಕ್ಲೌಡ್ ಎಂಬ ಹಾಡಿನ ತಾಣ 2021ರಲ್ಲಿ ಬೇರೆ ದಾರಿ ಹಿಡಿಯಿತು. ಅದರಲ್ಲಿ ಸೇರಿಕೊಂಡ ಸ್ವತಂತ್ರ ಕಲಾವಿದರಿಗೆ, ಅವರ ಕೇಳುಗ ಕಟ್ಟಿದ ದುಡ್ಡು ಅವನು ಕೇಳಿದವರಿಗೇ ಹೋಗುವ ಲೆಕ್ಕ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಆಲ್ಬಂ ಕೊಂಡರೆ ಸುಮಾರು ಶೇ 80ರಷ್ಟು ಕಲಾವಿದರಿಗೆ ಸೇರುತ್ತದೆ. ಕನ್ನಡದ ಸ್ವತಂತ್ರ ಗಾಯಕರಲ್ಲಿ ಯಾರಾದರೂ ಹೀಗೆ ನೇರವಾಗಿ ಮಾರುತ್ತಿದ್ದರೆ, ಯುಪಿಐ ನಂಬರನ್ನು ವಿಡಿಯೋ ಕೆಳಗೆ ಹಾಕಿದ್ದರೆ, ಅಲ್ಲಿ ಕೊಟ್ಟ 50 ರೂಪಾಯಿ ಬಹುಶಃ ವರ್ಷವಿಡೀ ಆ್ಯಪ್‌ನಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಅವರ ಕೈ ಸೇರುತ್ತದೆ. ಅವರ ಹಾಡನ್ನು ಕಾಪಿ ಮಾಡಿ ಗೆಳೆಯರಿಗೆ ಕಳಿಸಿ, ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡು ಹೋಗಿ. ನನಗದು ತಪ್ಪಾಗಿ ಕಾಣುವುದಿಲ್ಲ.

ಇಷ್ಟರ ನಡುವೆ ಕಾಪಿ ಮಾಡುವವರ ಪೈಕಿ ಹೊಸಬರು ಬಂದಿದ್ದಾರೆ, ಇವರು ಕಾರ್ಡ್ ಅಂಗಡಿಯ ಹುಡುಗರಲ್ಲ. ಹಾಡು ಕಟ್ಟುವ ಎಐ ಯಂತ್ರಗಳು ಲಕ್ಷಾಂತರ ಹಾಡು ನುಂಗಿ ಕಲಿಯುತ್ತವೆ. ಅಮೆರಿಕದ ದೊಡ್ಡ ಲೇಬಲ್‌ಗಳು 2024ರ ಜೂನ್‌ನಲ್ಲಿ ಸುನೋ ಮತ್ತು ಯುಡಿಯೋ ಕಂಪನಿಗಳ ಮೇಲೆ ಕೇಸು ಹಾಕಿದವು. 2025ರ ಕೊನೆಗೆ ಅವುಗಳಲ್ಲಿ ಕೆಲವು ರಾಜಿ ಮಾಡಿಕೊಂಡು ಲೈಸೆನ್ಸ್ ಕೊಡುವ ಒಪ್ಪಂದಕ್ಕೂ ಬಂದವು. ನಮ್ಮಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಮೇಲೆ ಸುದ್ದಿಸಂಸ್ಥೆ ಎಎನ್‌ಐ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಗೆ ತಾವೂ ಸೇರಬೇಕೆಂದು ಟಿ-ಸೀರೀಸ್, ಸಾರೆಗಾಮ ಮೊದಲಾದ ಸಂಗೀತ ಕಂಪನಿಗಳು 2025ರ ಫೆಬ್ರವರಿಯಲ್ಲಿ ಕೇಳಿಕೊಂಡವು. ಕೇಳದೆ ಕಾಪಿ ಮಾಡಬೇಡಿ ಅಂತ ಅವರು ಹೇಳುವುದು ಸರಿಯೇ. ಇಲ್ಲಿ ಲಾಭ ಇದೆ, ಹೆಸರು ಪೂರ್ತಿ ಅಳಿದಿದೆ. ನನ್ನ ಎರಡೂ ತಕ್ಕಡಿಯಲ್ಲಿ ಇದು ತಪ್ಪೇ.

ನಾಳೆ ಇಲ್ಲಿಯೂ ರಾಜಿಯಾಗಿ ಲೈಸೆನ್ಸ್ ದುಡ್ಡು ಬಂದರೆ ಅದು ಯಾರಿಗೆ? ಯಾವ ರೂಪದಲ್ಲಿ ಬಳಸಿದರೂ ಸಮಪಾಲು ಅಂತ 2012ರ ಕಾಯ್ದೆ ಹೇಳಿದೆ. ಯಂತ್ರಕ್ಕೆ ಉಣಿಸುವುದೂ ಒಂದು ರೂಪವೇ ಅಂತ ವಾದಿಸಲು ಜಾಗ ಇದೆ. ಆದರೆ ಕಂಪನಿ ಕಂಪನಿಗಳ ನಡುವಿನ ಒಪ್ಪಂದದಲ್ಲಿ ಇಷ್ಟು ಕೋಟಿ ಬಂತು, ಅದರಲ್ಲಿ ಇಂಥ ಹಾಡಿಗೆ ಇಷ್ಟು ಅಂತ ಕವಿಗೆ ಹೇಳುವವರು ಯಾರು? ಕನ್ನಡದ ಗೀತರಚನೆಕಾರರು, ಸಂಗೀತ ನಿರ್ದೇಶಕರು ಐಪಿಆರ್‌ಎಸ್ ಮೂಲಕ ಈ ಪ್ರಶ್ನೆ ಎತ್ತಬೇಕಾದದ್ದು ಸಹಿ ಬೀಳುವ ಮುಂಚೆ.